ಬಂಗುಡೆ ಕೊಟ್ಟ ಪೋಸು

ಹೊಸ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ಬೆಳ್ಳಂಬೆಳಗ್ಗೆ ಮಂಗಳೂರಿನ ಬಂದರು ಧಕ್ಕೆಗೆ ಹೋದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗಿದ್ದ ನಿಷೇಧ ಮುಗಿದಿತ್ತು. ಮೀನು, ಐಸು, ಬೊಬ್ಬೆ ಎಲ್ಲ ಒಟ್ಟಿಗೇ ಶುರುವಾಗಿದ್ದವು. ಸಹಜ ಬದುಕು ಸೆರೆಹಿಡಿಯಬೇಕೆಂಬುದು ನನ್ನ ಹುಚ್ಚು. ಆದರೆ ಕ್ಯಾಮೆರಾ ಕಂಡದ್ದೇ ತಡ, ಬುಟ್ಟಿ ಹೊತ್ತವ ಅದನ್ನಿಳಿಸಿ ತಲೆ ಬಾಚಿಕೊಂಡ. ರಿಕ್ಷಾದವರು ಸಾಲಾಗಿ ನಿಂತು ಆಧಾರ್ ಕಾರ್ಡಿನ ಮುಖ ಮಾಡಿದರು. ಸಹಜವಾಗಿದ್ದದ್ದು ಕಾಗೆ ಒಂದೇ. ಅದೂ ಬೂತಾಯಿ ಕಚ್ಚಿಕೊಂಡು ಹಾರಿತು.

ಕಿವಿರು ಕೆಂಪಗೆ, ಕಣ್ಣು ಫಳಫಳ, ಬಂಗುಡೆ ಮಾತ್ರ ಅಲುಗದೆ ಪೋಸು ಕೊಟ್ಟಿತು. ಹತ್ತು ಫೋಟೊ ಆದ ಮೇಲೆ ಮೀನು ಮಾರುವ ಅಕ್ಕ ಕೇಳಿದರು: "ಅಣ್ಣಾ, ಫೋಟೊದಲ್ಲಿ ಪುಳಿಮುಂಚಿ ಮಾಡ್ಲಿಕ್ಕಾಗ್ತದಾ?"

ಮಾತಾಡದೆ ಒಂದು ಕಿಲೋ ಕೊಂಡೆ. ಫೋಟೊಗಳೆಲ್ಲ ಮಸುಕು. ಪುಳಿಮುಂಚಿ ಚೆನ್ನಾಗಿತ್ತು.