ಪೂರ್ವಧಾರಿ ಮೀಮಾಂಸೆ: ಹಳೆಯ ಅಂಗಿಯಿಂದ ಸ್ವಂತ ಶೈಲಿಯ ಉತ್ಪತ್ತಿಯನ್ನು ಕುರಿತು

ಪ್ರತಿಯೊಬ್ಬರ ಉಡುಪಿನಲ್ಲೂ ಅವರದೇ ಎನ್ನಬಹುದಾದ ಗುಣವೊಂದಿದ್ದು, ಅದು ಅಂತರಂಗದಲ್ಲಿ ಹುಟ್ಟಿ ಕಾಲರಿನ ಮೂಲಕ ಹೊರಬರುತ್ತದೆಂಬ ನಂಬಿಕೆ ಇಂದು ವ್ಯಾಪಕವಾಗಿದೆ. ‘ಸ್ವಂತ ಶೈಲಿ’ ಎಂದು ಕರೆಯಲಾಗುವ ಈ ಗುಣವನ್ನು ಬೆಳೆಸಿಕೊಳ್ಳಲು ಹಳೆಯ ಬಟ್ಟೆಗಳ ರಾಶಿಯನ್ನು ಕೆದಕಬೇಕೆಂದೂ, ದಿನನಿತ್ಯ ಕಣ್ಣಿಗೆ ಬೀಳುವುದರಿಂದ ಸ್ಫೂರ್ತಿ ಪಡೆಯಬೇಕೆಂದೂ ಶೈಲಿಶಾಸ್ತ್ರಜ್ಞರು ವಿಧಿಸುತ್ತಾರೆ. ತನ್ನತನವನ್ನು ಹುಡುಕಲು ಹೊರಟವನು ಇನ್ನೊಬ್ಬನು ಬಿಟ್ಟ ಅಂಗಿಯೊಳಗೇ ಏಕೆ ತಲೆ ತೂರಿಸಬೇಕೆಂಬ ಪ್ರಶ್ನೆಯನ್ನು ಅವರು ಗಂಭೀರವಾಗಿ ಎತ್ತಿಕೊಂಡಂತೆ ಕಾಣದಿರುವುದರಿಂದ, ಆ ಕೊರತೆಯನ್ನು ತುಂಬುವುದು, ತುಂಬಲಾಗದಿದ್ದರೆ ಅದಕ್ಕೊಂದು ತೇಪೆಯನ್ನಾದರೂ ಹಾಕುವುದು ಈ ಪ್ರಬಂಧದ ಉದ್ದೇಶ.

ಮೊದಲಿಗೆ ಪರಿಭಾಷೆ. ಬಟ್ಟೆಯನ್ನು ಮೊದಲು ತೊಟ್ಟು ಬಿಟ್ಟವರನ್ನು ‘ಪೂರ್ವಧಾರಿ’ ಎಂದೂ, ಅದನ್ನು ಪಡೆದು ತೊಡುವವರನ್ನು ‘ಉತ್ತರಧಾರಿ’ ಎಂದೂ ಇಲ್ಲಿ ಕರೆಯಲಾಗಿದೆ. ಇವರಿಬ್ಬರ ನಡುವೆ ಬಟ್ಟೆಯು ಯಾರ ಮೈಮೇಲೂ ಇರದೆ ಗಂಟಿನಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಕಳೆಯುವ ಅವಧಿಗೆ ‘ಅಂತರಾಳ’ ಎಂದು ಹೆಸರು. ನುಸಿಗುಳಿಗೆಯ ವಾಸನೆ ಇದರ ಮುಖ್ಯ ಲಕ್ಷಣ.

ಈ ಶಾಸ್ತ್ರಕ್ಕೆ ಪೂರ್ವಸೂರಿಗಳಿಲ್ಲದಿಲ್ಲ. ಟಾಮಸ್ ಕಾರ್ಲೈಲ್ 1833–34ರಲ್ಲಿ ‘ಫ್ರೇಸರ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟಿಸಿದ ‘ಸಾರ್ಟರ್ ರಿಸಾರ್ಟಸ್’, ಎಲ್ಲೂ ಇರದ ಒಬ್ಬ ಜರ್ಮನ್ ಪ್ರೊಫೆಸರನ ಹೆಸರಿನಲ್ಲಿ ಬಟ್ಟೆಯ ತತ್ತ್ವಶಾಸ್ತ್ರವನ್ನು ಮಂಡಿಸಿತು. ಇಲ್ಲದ ವಿದ್ವಾಂಸರನ್ನು ಉಲ್ಲೇಖಿಸುವ ಈ ವಿಧಾನ ಅನಂತರದ ಸಂಶೋಧನಾ ಲೋಕದಲ್ಲಿ ಅನುಯಾಯಿಗಳಿಲ್ಲದೆ ಸೊರಗಿತೆಂದು ಹೇಳುವಂತಿಲ್ಲ. ಆದರೆ ಇನ್ನೂ ಹಳೆಯ, ಇನ್ನೂ ಗಟ್ಟಿಯಾದ ಆಧಾರ ಬೌದ್ಧರ ವಿನಯಪಿಟಕದಲ್ಲಿದೆ. ಭಿಕ್ಷುಗಳು ಧೂಳಿನಲ್ಲಿ, ಕಸದ ರಾಶಿಯಲ್ಲಿ, ಸ್ಮಶಾನದಲ್ಲಿ ಬಿದ್ದ ಚಿಂದಿಯನ್ನು ಆಯ್ದು, ಒಗೆದು, ಹೊಲಿದು ಉಡುತ್ತಿದ್ದರು; ಇಂಥ ಚಿಂದಿಗೆ ಪಾಲಿ ಭಾಷೆಯಲ್ಲಿ ‘ಪಂಸುಕೂಲ’ ಎನ್ನುತ್ತಾರೆ. ಒಮ್ಮೆ ಬುದ್ಧನು ಬದುಗಳಿಂದ ಚೌಕಚೌಕವಾಗಿ ಭಾಗವಾಗಿದ್ದ ಮಗಧದ ಗದ್ದೆಗಳನ್ನು ತೋರಿಸಿ, ಭಿಕ್ಷುವಿನ ಉಡುಪಾದ ಚೀವರವನ್ನು ಹೀಗೆ ಹೊಲಿಯಲು ಸಾಧ್ಯವೇ ಎಂದು ಶಿಷ್ಯ ಆನಂದನನ್ನು ಕೇಳಿದನೆಂದೂ, ಆನಂದನು ಹಾಗೆಯೇ ಹೊಲಿದು ತೋರಿಸಿದನೆಂದೂ, ತುಂಡರಿಸಿ ಹೊಲಿದ ಬಟ್ಟೆಗೆ ಬೇರೆಯವರು ಆಸೆಪಡುವುದಿಲ್ಲವೆಂಬುದು ಅದರ ಒಂದು ಅನುಕೂಲವೆಂದು ಪರಿಗಣಿತವಾಯಿತೆಂದೂ ಅದೇ ಪಿಟಕದ ಮಹಾವಗ್ಗವು ಹೇಳುತ್ತದೆ. ಎಸೆದ ಬಟ್ಟೆ ಮತ್ತು ದಾರಿಯಲ್ಲಿ ಕಂಡ ನೋಟ ಎರಡೂ ಒಂದೇ ಉಡುಪಿನಲ್ಲಿ ಸೇರಿರುವುದರಿಂದ, ಆನಂದನನ್ನು ಈ ಶಾಸ್ತ್ರದ ಮೂಲಪುರುಷನೆಂದು ಪರಿಗಣಿಸಲು ಅಡ್ಡಿಯಿಲ್ಲ. ಅವನು ಅದನ್ನು ತೊಟ್ಟು ಫೋಟೊ ತೆಗೆಸಿಕೊಳ್ಳಲಿಲ್ಲವೆಂಬುದೊಂದೇ ಕೊರತೆ.

ಕರ್ನಾಟಕದಲ್ಲಿ ಈ ಶಾಸ್ತ್ರದ ಅಧ್ಯಯನ ಮನೆಯಲ್ಲೇ ಆರಂಭವಾಗುತ್ತದೆ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಇಳಿದುಬರುವ ಕ್ರಮವನ್ನು ‘ಜ್ಯೇಷ್ಠಾನುಕ್ರಮ’ ಎನ್ನಬಹುದಾಗಿದ್ದು, ಇದರಲ್ಲಿ ಮೊದಲ ಮಗುವಿಗೆ ಬಟ್ಟೆಯೂ ಎರಡನೆಯ ಮಗುವಿಗೆ ಶೈಲಿಯೂ ದೊರೆಯುತ್ತವೆ. ಹಬ್ಬಕ್ಕೆಂದು ತಂದೆಯು ಒಂದೇ ತಾನಿನ ಬಟ್ಟೆ ಕೊಂಡು ಮಕ್ಕಳೆಲ್ಲರಿಗೂ ಅಂಗಿ ಹೊಲಿಸಿ, ಉಳಿದದ್ದರಲ್ಲಿ ದಿಂಬಿನ ಚೀಲವನ್ನೂ ಕಿಟಕಿಯ ಪರದೆಯನ್ನೂ ಮಾಡಿಸುತ್ತಿದ್ದ ಮನೆಗಳಲ್ಲಿ ಈ ಅನುಕ್ರಮವು ವಿಚಿತ್ರ ತಿರುವು ಪಡೆಯುತ್ತಿತ್ತು. ಕಿರಿಯವನು ತನ್ನ ಅಂಗಿ ಹರಿಯುವವರೆಗೆ ಅದನ್ನು ತೊಟ್ಟು, ಅನಂತರ ಅದೇ ವಿನ್ಯಾಸದ ಅಣ್ಣಂದಿರ ಅಂಗಿಗಳನ್ನು ಒಂದಾದ ಮೇಲೊಂದರಂತೆ ತೊಡುತ್ತ, ಆರೇಳು ವರ್ಷಗಳ ಕಾಲ ಒಂದೇ ಅಂಗಿಯಲ್ಲಿ ಬೆಳೆಯುತ್ತಿರುವಂತೆ ಊರಿಗೆ ತೋರುತ್ತಿದ್ದನು. ಆಧುನಿಕರು ಇದನ್ನೇ ‘ಸಿಗ್ನೇಚರ್ ಲುಕ್’ ಎನ್ನುತ್ತಾರೆ.

“ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಾಗೇ ಇರ್ಲಿ” ಎಂದು ತಾಯಂದಿರು ಟೈಲರಿಗೆ ಹೇಳುತ್ತಿದ್ದ ಸೂತ್ರವನ್ನೂ ಇಲ್ಲಿ ಗಮನಿಸಬೇಕು. ಈ ಸೂತ್ರದನ್ವಯ ಲಂಗದ, ಚಡ್ಡಿಯ, ಪ್ಯಾಂಟಿನ ಅಂಚನ್ನು ಒಳಗೆ ಮಡಚಿ ಹೊಲಿದು, ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಇಳಿಸಲಾಗುತ್ತಿತ್ತು. ಬಿಸಿಲು ಕಾಣದೆ ಒಳಗಿದ್ದ ಭಾಗ ಗಾಢ ಬಣ್ಣದ ಪಟ್ಟಿಯಾಗಿ ಕೆಳಗೆ ಕಾಣಿಸಿಕೊಳ್ಳುತ್ತಿದ್ದುದರಿಂದ, ಪಟ್ಟಿಗಳನ್ನು ಎಣಿಸಿ ಲಂಗದ ವಯಸ್ಸನ್ನು ನಿರ್ಣಯಿಸುವುದು ಸುಲಭ. ಈ ವಿಧಾನವು ತಂಗಿಯ ವಯಸ್ಸಿನ ವಿಷಯದಲ್ಲಿ ಮಾತ್ರ ತಪ್ಪು ಉತ್ತರ ಕೊಡುತ್ತದೆ.

ಮನೆಯ ಹೊರಗಿನ ಬಟ್ಟೆಯಲ್ಲಾದರೋ ಪೂರ್ವಧಾರಿ ಯಾರೆಂಬುದೇ ತಿಳಿಯದು. ಅದನ್ನು ತಿಳಿಯಲು ನ್ಯಾಯದರ್ಶನದ ನಾಲ್ಕು ಪ್ರಮಾಣಗಳೇ ಸಾಕು. ಕಂಕುಳಿನ ಬಣ್ಣಗೆಟ್ಟ ಭಾಗ ಪ್ರತ್ಯಕ್ಷ. ಅದರ ಬಗ್ಗೆ ಹೆಚ್ಚಿನ ಚರ್ಚೆ ಅನಗತ್ಯ. ಅನುಮಾನವು ಹೆಚ್ಚು ಫಲಕಾರಿ: ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಜೇಬಿನ ತಳದಲ್ಲಿ ಶಾಯಿಯ ಕಲೆಯನ್ನು ಕಂಡು ಗುಮಾಸ್ತನನ್ನೂ, ಪ್ಯಾಂಟಿನ ಹಿಂಭಾಗ ಹೊಳೆಯುವುದನ್ನು ಕಂಡು ಕುರ್ಚಿಯ ನೌಕರಿಯನ್ನೂ ಊಹಿಸಬಹುದು. ಹೊಳಪು ಹಿಂಭಾಗದಲ್ಲಷ್ಟೇ ಇದ್ದು ಶಾಯಿ ಎಲ್ಲೂ ಇಲ್ಲದಿದ್ದರೆ, ಪೂರ್ವಧಾರಿಯು ಮೇಲಧಿಕಾರಿಯಾಗಿದ್ದಿರಬೇಕು. ಕಾಡಿನ ಗವಯವು ಹಸುವಿನಂತಿರುತ್ತದೆಂದು ಕೇಳಿದ್ದವನು ಅದನ್ನು ಕಂಡಾಗ ಗುರುತಿಸುವಂತೆ, ಭುಜದತ್ತ ಚಾಚಿಕೊಂಡ ಕಾಲರನ್ನು ಕಂಡವನು ಎಪ್ಪತ್ತರ ದಶಕದ ಸಿನಿಮಾ ನಾಯಕರನ್ನು ನೆನೆದು ಅಂಗಿಯ ಕಾಲವನ್ನು ನಿರ್ಣಯಿಸುವುದು ಉಪಮಾನ. ಇನ್ನು ಶಬ್ದಪ್ರಮಾಣವೆಂದರೆ ಕಾಲರಿನ ಒಳಬದಿಯಲ್ಲಿ ಅಗಸರು ಕರಿಗೇರು ಕಾಯಿಯ ರಸದಿಂದ ಬರೆದ ಗುರುತು. ಎಷ್ಟು ಒಗೆದರೂ ಹೋಗದ ಈ ಅಕ್ಷರಗಳು ಅಂಗಿಯ ಶಾಸನಗಳೇ ಆಗಿದ್ದು, ಬರೆದ ಅಗಸರ ಹೊರತು ಬೇರಾರೂ ಅವನ್ನು ಓದಲಾರರು.

ಬಟ್ಟೆ ಅಂತರಾಳದಲ್ಲಿ ಸಂಚರಿಸುವ ಮಾರ್ಗಗಳು ಹಲವು. ಹಳೆಯ ಸೀರೆ, ಪ್ಯಾಂಟುಗಳನ್ನು ಪಡೆದು ಸ್ಟೀಲ್ ಪಾತ್ರೆ ಕೊಡುವ ಮಹಿಳೆಯರು ಬೀದಿಬೀದಿಗೆ ಬರುತ್ತಿದ್ದ ಕಾಲದಲ್ಲಿ ವಿನಿಮಯದ ದರವು ಹೊಸ್ತಿಲ ಮೇಲೆಯೇ ನಿಗದಿಯಾಗುತ್ತಿತ್ತು. ಜರಿಯಂಚಿನ ಸೀರೆಯೊಂದು ಗಂಟಿಗೆ ಸೇರಿದರೆ ಲೋಟದಿಂದ ಡಬರಿಗೆ ಬಡ್ತಿ ದೊರೆಯುತ್ತಿತ್ತು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನೆರೆಯುವ ಸಂಡೇ ಬಜಾರಿನಲ್ಲಿ ಹಳೆಯ ಬಟ್ಟೆಯು ಹಳೆಯ ಸ್ಪ್ಯಾನರಿನ ಪಕ್ಕದಲ್ಲೇ ಮಲಗಿರುತ್ತದೆ. ಅದೇ ನಗರದ ಗಾರ್ಮೆಂಟ್ ಕಾರ್ಖಾನೆಗಳಿಂದ ಹೊರಬಿದ್ದು, ಲೇಬಲ್ ಕತ್ತರಿಸಿಕೊಂಡು ಮಾರಾಟಕ್ಕೆ ಬರುವ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಅಂಗಿಯಾದರೋ ಒಂದು ತಾತ್ತ್ವಿಕ ಸಮಸ್ಯೆ: ಅದಕ್ಕೆ ಪೂರ್ವಧಾರಿಯಿಲ್ಲ, ಆದರೂ ಅದು ತಿರಸ್ಕೃತ.

ಇನ್ನೂ ದೂರದ ಮಾರ್ಗವು ಹರಿಯಾಣದ ಪಾಣಿಪತ್ತಿಗೆ ಹೋಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬವನು 1813ರಲ್ಲಿ ಉಣ್ಣೆಯ ಚಿಂದಿಯನ್ನು ನಾರುನಾರಾಗಿ ಬಿಡಿಸಿ ಮರಳಿ ನೂಲುವ ಕ್ರಮವನ್ನು ಕಂಡುಹಿಡಿದನು. ಆ ವಿದ್ಯೆಯ ದೊಡ್ಡ ಕೇಂದ್ರವಾಗಿರುವ ಪಾಣಿಪತ್ತಿನಲ್ಲಿ ಶೀತದೇಶಗಳ ಕೋಟು, ಸ್ವೆಟರುಗಳು ಗುಂಡಿ, ಜಿಪ್ಪುಗಳನ್ನು ಕಳಚಿಸಿಕೊಂಡು, ಬಣ್ಣವಾರು ವಿಂಗಡಣೆಯಾಗಿ, ಹೊಸದಾಗಿ ಬಣ್ಣ ಹಾಕುವ ಖರ್ಚಿಲ್ಲದೆ ನೂಲಾಗಿ, ಕೊನೆಗೆ ನೆರೆ-ಭೂಕಂಪಗಳ ಸಂತ್ರಸ್ತರಿಗೆ ಹಂಚುವ ಅಗ್ಗದ ಕಂಬಳಿಗಳಾಗುತ್ತವೆ. ಚಿಂದಿಯೆಂದು ಆಮದಾಗುವ ಬಟ್ಟೆಯನ್ನು ಯಾರೂ ತೊಡಲಾಗದಂತೆ ಮೊದಲೇ ಕತ್ತರಿಸಿರಬೇಕೆಂಬುದು ಭಾರತದ ನಿಯಮ. ತುಂಡರಿಸಿದ ಬಟ್ಟೆಗೆ ಆಸೆಪಡುವವರಿಲ್ಲವೆಂಬ ಒಂದೇ ಸಿದ್ಧಾಂತವನ್ನು ವಿನಯಪಿಟಕವೂ ಕಸ್ಟಮ್ಸ್ ಇಲಾಖೆಯೂ ಪರಸ್ಪರ ಸಮಾಲೋಚಿಸದೆಯೇ ತಲುಪಿರುವುದು ತೌಲನಿಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಈಗ ನಿತ್ಯಸ್ಫೂರ್ತಿಯ ವಿಚಾರ. ಇದಕ್ಕಾಗಿ ಕೆಫೆಯ ಕಿಟಕಿಯ ಬಳಿ ಕೂರಬೇಕೆಂದು ಆಧುನಿಕರು ಹೇಳುವುದುಂಟಾದರೂ, ಗದ್ದೆಯ ಬದುವಿನ ಮೇಲೆ ಒಂದು ತಾಸು ನಿಂತರೆ ಸಾಕು. ನಾಟಿ, ಕಳೆ, ಕೊಯ್ಲಿನ ಕೆಲಸದ ಹೆಂಗಸರು, ಕಟ್ಟಡದ ಕೆಲಸದವರು, ರಸ್ತೆ ಗುಡಿಸುವವರು ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿರುತ್ತಾರೆ. ಕೈಗೆ ಬಿಸಿಲು ತಾಗದು, ಭತ್ತದ ಎಲೆಯ ಅಲಗು ತರಚದು, ಸೆರಗು ಜಾರದು; ಎಲ್ಲಕ್ಕಿಂತ ಮುಖ್ಯವಾಗಿ, ಅಂಗಿಗೆ ಜೇಬಿದೆ. ಸೀರೆ ನೇಯ್ದವರೂ ರವಿಕೆ ಹೊಲಿದವರೂ ಶತಮಾನಗಳ ಕಾಲ ಹೆಂಗಸರಿಗೆ ಕೊಡದೆ ಉಳಿಸಿಕೊಂಡಿದ್ದ ಆ ಜೇಬನ್ನು ಅವರು ಗಂಡಸರ ಹಳೆಯ ಅಂಗಿಯೊಡನೆ ವಶಪಡಿಸಿಕೊಂಡು, ಅದರಲ್ಲಿ ಎಲೆಯಡಿಕೆ, ಕೂಲಿಯ ದುಡ್ಡು, ಮೊಬೈಲು ಇಟ್ಟುಕೊಂಡರು. ಸಡಿಲವಾದ ಗಂಡಸಿನ ಉಡುಪನ್ನು ಹೆಣ್ಣಿನ ಉಡುಪಿನ ಮೇಲೆ ಪದರವಾಗಿ ತೊಡುವ ಇದೇ ಕ್ರಮಕ್ಕೆ ಫ್ಯಾಷನ್ ಲೋಕದಲ್ಲಿ ‘ಲೇಯರಿಂಗ್’, ‘ಓವರ್‌ಸೈಜ್ಡ್’ ಎಂಬ ಹೆಸರುಗಳಿವೆ. ಆ ಹೆಸರುಗಳಿಗೆ ಹಣ ಸಲ್ಲುತ್ತದೆ, ಗದ್ದೆಯಲ್ಲಿ ದಿನಗೂಲಿ ಮಾತ್ರ. ಇತ್ತೀಚಿನ ಭಾರತದ ಉಡುಪಿನ ಇತಿಹಾಸದಲ್ಲಿ ಇಷ್ಟು ಕಾರಣಬದ್ಧವಾದ ಇನ್ನೊಂದು ಆವಿಷ್ಕಾರವನ್ನು ತೋರಿಸುವುದು ಕಷ್ಟ.

ಇಲ್ಲಿಂದ ಶಾಸ್ತ್ರದ ಮುಖ್ಯ ಭೇದವೊಂದು ಹುಟ್ಟುತ್ತದೆ. ಹೊಸದನ್ನು ಕೊಳ್ಳಬಲ್ಲವರು ಹಳೆಯದನ್ನು ತೊಟ್ಟರೆ ಅದು ‘ಐಚ್ಛಿಕ ಜೀರ್ಣತೆ’. ಕೊಳ್ಳಲಾಗದವರು ತೊಟ್ಟರೆ ‘ಅನಿವಾರ್ಯ ಜೀರ್ಣತೆ’. ಬಟ್ಟೆ, ತೂತು, ತೇಪೆ ಎಲ್ಲವೂ ಒಂದೇ ಆಗಿದ್ದರೂ ಮೊದಲನೆಯದಕ್ಕೆ ಶೈಲಿಯೆಂದೂ ಎರಡನೆಯದಕ್ಕೆ ಬಡತನವೆಂದೂ ಹೆಸರು. ಸಂಪತ್ತನ್ನು ಪ್ರದರ್ಶಿಸಲೆಂದೇ ಮಾಡುವ ಅನುಭೋಗವನ್ನು 1899ರ ತನ್ನ ಗ್ರಂಥದಲ್ಲಿ ವಿವರಿಸಿದ ಥಾರ್ಸ್ಟೀನ್ ವೆಬ್ಲೆನ್, ಸಂಪತ್ತನ್ನು ಹರಕು ಜೀನ್ಸಿನ ಮೂಲಕವೂ ಪ್ರದರ್ಶಿಸಬಹುದೆಂಬುದನ್ನು ಕಾಣುವಷ್ಟು ಕಾಲ ಬದುಕಲಿಲ್ಲ. ಮೊಣಕಾಲಿನ ತೂತು ಕಾರ್ಖಾನೆಯಲ್ಲಿ ಆಗಿದ್ದರೆ ಬೆಲೆ ಹೆಚ್ಚು, ಮೊಣಕಾಲಿನಿಂದಲೇ ಆಗಿದ್ದರೆ ಕಡಿಮೆ ಎಂಬುದನ್ನು ಅರ್ಥಶಾಸ್ತ್ರವು ಇನ್ನೂ ಸರಿಯಾಗಿ ವಿವರಿಸಬೇಕಾಗಿದೆ.

ಪೂರ್ವಪಕ್ಷವನ್ನು ಚುಟುಕಾಗಿ ಪರಿಶೀಲಿಸಬಹುದು. ಪರರು ಉಟ್ಟದ್ದು ಅಶುಭವೆಂದೂ, ಹೊಸ ಬಟ್ಟೆಯೇ ಮಂಗಳಕರವೆಂದೂ ನವವಸ್ತ್ರವಾದಿಗಳು ವಾದಿಸುತ್ತಾರೆ. ಹಾಗಿದ್ದಲ್ಲಿ ಆಗ ತಾನೇ ಹುಟ್ಟಿದ ಮಗುವನ್ನು ಅಜ್ಜಿಯ ಮೆತ್ತನೆಯ ಹಳೆಯ ಸೀರೆಯಲ್ಲಿ ಸುತ್ತುವುದೇಕೆ, ಹೊಸ ಅಂಗಿಯ ಮೂಲೆಗೆ ಅರಿಶಿನ ಹಚ್ಚಿ ತೊಡುವ ಮೊದಲೇ ಅದಕ್ಕೊಂದು ಕಲೆ ಮಾಡುವುದೇಕೆ ಎಂಬ ಪ್ರಶ್ನೆಗಳಿಗೆ ಅವರಲ್ಲಿ ಉತ್ತರವಿಲ್ಲ. ಹೊಸತನವನ್ನು ಸಂಪ್ರದಾಯವು ಒಂದು ದೋಷವೆಂದೇ ಎಣಿಸಿ ಅರಿಶಿನದಿಂದ ಅದಕ್ಕೆ ಪರಿಹಾರ ಸೂಚಿಸಿದೆಯೆಂಬುದು ಈ ಪ್ರಬಂಧದ ನಿಲುವು.

ಬಟ್ಟೆಯ ಉತ್ತರೋತ್ತರ ಅವಸ್ಥೆಗಳ ವಿಷಯ ಎಲ್ಲರಿಗೂ ತಿಳಿದದ್ದೇ. ಬನಿಯನ್ ಸ್ಕೂಟರ್ ಒರೆಸುವ ಬಟ್ಟೆಯಾಗುತ್ತದೆ, ಪಂಚೆಯು ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸಾಲುಸಾಲಾಗಿ ದಾರ ಹಾಯಿಸಿ ಹೊಲಿದ ಕೌದಿಯಲ್ಲಿ ಒಂದು ಮನೆತನದ ಪೂರ್ವಧಾರಿಗಳೆಲ್ಲ ಒಟ್ಟಿಗೆ ಸೇರುತ್ತಾರೆ. ಬದುಕಿದ್ದಾಗ ಮಾತು ಬಿಟ್ಟಿದ್ದ ಅತ್ತೆ-ಸೊಸೆಯರ ಸೀರೆಗಳೂ ಅಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ.

ಉಳಿದಿರುವುದು ಪೂರ್ವಧಾರಿಯ ಕರ್ತವ್ಯ. ಹಳೆಯ ಅಂಗಿಯನ್ನು ದಾನ ಮಾಡುವ ಮುನ್ನ ಅದರ ಗುಂಡಿಗಳನ್ನೆಲ್ಲ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ತೆಗೆದಿಡುವ, ಪೈಜಾಮದ ಲಾಡಿಯನ್ನು ಎಳೆದುಕೊಂಡು ಪೈಜಾಮವನ್ನಷ್ಟೇ ಕೊಡುವ ಪದ್ಧತಿ ಅನೇಕ ಗೌರವಸ್ಥ ಮನೆಗಳಲ್ಲಿ ಈಗಲೂ ಇದೆ. ಉತ್ತರಧಾರಿಯು ಐಚ್ಛಿಕನಾಗಿದ್ದರೆ ಗುಂಡಿಯಿಲ್ಲದ ಅಂಗಿಯನ್ನೂ ಶೈಲಿಯೆನ್ನುತ್ತಾನೆ. ಅನಿವಾರ್ಯನಾಗಿದ್ದರೆ ಅವನಿಗೆ ಚಳಿಯಾಗುತ್ತದೆ. ಆದ್ದರಿಂದ ಓದುಗರಲ್ಲಿ ವಿನಂತಿ: ಬಟ್ಟೆ ಕೊಡುವಾಗ ಜೇಬುಗಳನ್ನು ಒಮ್ಮೆ ನೋಡಿಕೊಳ್ಳಿ, ಗುಂಡಿ ಮತ್ತು ಲಾಡಿಗಳನ್ನು ಅಲ್ಲೇ ಬಿಡಿ.