ಸೋಲುವ ತಂಡದ ನಿಷ್ಠಾವಂತ ಅಭಿಮಾನಿ: ಜಾವಗಲ್ ಹೋಬಳಿಯನ್ನು ಅನುಲಕ್ಷಿಸಿ ಒಂದು ಅಧ್ಯಯನ

1. ವ್ಯಾಪ್ತಿ

ಗೆಲ್ಲುವ ತಂಡದ ಹಿಂದೆ ಯಾರು ಬೇಕಾದರೂ ನಿಲ್ಲಬಹುದು, ಅದಕ್ಕೆ ಶಾಸ್ತ್ರ ಬೇಕಿಲ್ಲ. ಐಪಿಎಲ್ ಕ್ರಿಕೆಟ್ಟಿನ ಬೆಂಗಳೂರು ತಂಡವಾದ ಆರ್‌ಸಿಬಿಯ ಹಿಂದೆ 2008ರಿಂದ ನಿಲ್ಲುವುದಕ್ಕೆ ಲಕ್ಷಣ, ಪ್ರಮಾಣ, ಪೂರ್ವಪಕ್ಷ, ಸಿದ್ಧಾಂತ ಎಲ್ಲವೂ ಬೇಕು. ಪ್ರಸ್ತುತ ಪ್ರಬಂಧ ತಂಡ ಕೊನೆಗೂ ಕಪ್ ಗೆದ್ದ 2025ರ ಜೂನ್ 3ರ ರಾತ್ರಿಗೆ ನಿಲ್ಲುತ್ತದೆ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವ ಹೋದದ್ದು ಅಣಕಕ್ಕೆ ಸಲ್ಲುವ ವಿಷಯವಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ವಿದ್ವಾಂಸರು ನಮ್ಮ ಅಭಿಮಾನಿಯನ್ನು ತಮ್ಮವರ ಸಾಲಿಗೆ ಸೇರಿಸಲು ಯತ್ನಿಸಬಹುದು. ಒಪ್ಪಲಾಗದು. ಅಲ್ಲಿನ ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ. ಮರುವರ್ಷ ತಮ್ಮಂಥವರ ಜೊತೆ ಆಡಿ ನಾಲ್ಕು ಪಂದ್ಯ ಗೆಲ್ಲುವ ಸಮಾಧಾನವಾದರೂ ಉಂಟು. ಐಪಿಎಲ್‌ನಲ್ಲಿ ಇಳಿಯಲು ಕೆಳಗೆ ಜಾಗವೇ ಇಲ್ಲ. 2017ರಲ್ಲೂ 2019ರಲ್ಲೂ ಎಂಟನೆಯ ಸ್ಥಾನಕ್ಕೆ ಬಿದ್ದರೂ ಮರುವರ್ಷ ಎದುರಿಗೆ ಅದೇ ಧೋನಿ, ಅದೇ ಬುಮ್ರಾ.

2. ಕ್ಷೇತ್ರದ ಆಯ್ಕೆ

ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನೇ ಆರಿಸಿಕೊಳ್ಳಲು ಎರಡು ಕಾರಣ. ಮೊದಲನೆಯದು ವೇಗದ ಬೌಲರ್ ಜಾವಗಲ್ ಶ್ರೀನಾಥ್. ಅವರು ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದೆ ಈ ಊರನ್ನು ಹೊತ್ತು ಜಗತ್ತು ಸುತ್ತಿದವರು. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಹದಿಮೂರು ವಿಕೆಟ್ ಕಿತ್ತರು. ಭಾರತ 46 ರನ್ನಿನಿಂದ ಸೋತಿತು. ಇದೇ ಪರಂಪರೆಯನ್ನು ಆರ್‌ಸಿಬಿಯ ಅನಿಲ್ ಕುಂಬ್ಳೆ 2009ರ ಐಪಿಎಲ್ ಫೈನಲ್‌ನಲ್ಲಿ ಮುಂದುವರಿಸಿದರು: 16 ರನ್ನಿಗೆ 4 ವಿಕೆಟ್, ಪಂದ್ಯಪುರುಷ ಪ್ರಶಸ್ತಿ, 6 ರನ್ನಿನ ಸೋಲು. ನಮ್ಮವನು ಚೆನ್ನಾಗಿ ಆಡಿದ, ಪಂದ್ಯ ಮಾತ್ರ ಹೋಯಿತು ಎಂಬ ಮಹಾವಾಕ್ಯದ ಮೂಲ ಇಲ್ಲಿದೆ.

ಎರಡನೆಯದು ಕೊಬ್ಬರಿ. ಈ ಸೀಮೆಯ ರೈತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹೆಚ್ಚೂಕಡಿಮೆ ಒಂದು ವರ್ಷ ಕಾಯುತ್ತಾನೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಉಂಡೆ ಗಡಗಡ ಎಂದಾಗ ಇಳಿಸುತ್ತಾನೆ. ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ರೇಟು ಬಿದ್ದಿರುತ್ತದೆ. ಬೈದುಕೊಂಡು ಬಂದು ಹೊಸ ಕಾಯನ್ನು ಮತ್ತೆ ಅಟ್ಟಕ್ಕೆ ಹಾಕುತ್ತಾನೆ. ಇಂಥವನಿಗೆ ‘ಈ ಸಲ ಕಪ್ ನಮ್ದೇ’ ಎಂಬ ಆರ್‌ಸಿಬಿ ಘೋಷಣೆಯನ್ನು ಬೆಂಗಳೂರಿನವರು ಬಂದು ಕಲಿಸಬೇಕಾಗಿರಲಿಲ್ಲ.

3. ಪ್ರಮಾಣಾನುಸಾರ ವರ್ಗೀಕರಣ

ಪ್ರತ್ಯಕ್ಷಪ್ರಮಾಣಿ: ಪ್ರತಿ ಚೆಂಡನ್ನೂ ಕಣ್ಣಾರೆ ನೋಡುವವನು. 2017ರ ಏಪ್ರಿಲ್ 23ರಂದು ಕೋಲ್ಕತ್ತಾದ ವಿರುದ್ಧ ತಂಡ 49ಕ್ಕೆ ಆಲೌಟಾದದ್ದನ್ನು ನೋಡಿಯೂ ಟೀವಿ ಆರಿಸದವನು. ಆ ದಿನ ಯಾರೊಬ್ಬರೂ ಎರಡಂಕಿ ಮುಟ್ಟಲಿಲ್ಲ ಎಂದು ಛೇಡಿಸಿದರೆ, 2013ರ ಏಪ್ರಿಲ್ 23ರಂದೇ ಗೇಲ್ 175 ಹೊಡೆದು ತಂಡ 263 ಗಳಿಸಿತ್ತೆಂದು ಪ್ರತಿವಾದ ಹೂಡುತ್ತಾನೆ. ಎರಡನ್ನೂ ಕೂಡಿ ಭಾಗಿಸಿದರೆ ಸರಾಸರಿ 156; ಅಷ್ಟೇನೂ ಕೆಟ್ಟದ್ದಲ್ಲ ಎಂಬುದು ಅವನ ನಿಲುವು.

ಶಬ್ದಪ್ರಮಾಣಿ: ತಾನು ನೋಡಿದರೆ ವಿಕೆಟ್ ಬೀಳುತ್ತದೆಂದು ನಂಬಿ ಜಗಲಿಯ ಮೇಲೆ ಕೂತು, ಒಳಗಿನ ಗದ್ದಲದಿಂದಲೇ ಸ್ಕೋರು ತಿಳಿಯುವವನು. 2016ರ ಫೈನಲ್‌ನಲ್ಲಿ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದಾಗ ಆಸೆ ತಡೆಯದೆ ಒಳಗೆ ಬಂದನಂತೆ. ತಂಡ 8 ರನ್ನಿನಿಂದ ಸೋತ ಹೊಣೆಯನ್ನು ಇಂದಿಗೂ ತಾನೇ ಹೊತ್ತಿದ್ದಾನೆ.

ಅನುಮಾನಪ್ರಮಾಣಿ: ಮೇ ತಿಂಗಳಲ್ಲಿ ಕ್ಯಾಲ್ಕುಲೇಟರ್ ಹಿಡಿಯುವವನು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದಿದ್ದರೂ ನೆಟ್ ರನ್ ರೇಟನ್ನು ಮೂರು ದಶಮಾಂಶದವರೆಗೆ ಬಾಯಲ್ಲೇ ಹೇಳಬಲ್ಲ. 2024ರ ಏಪ್ರಿಲ್ 21ರಂದು ಕೋಲ್ಕತ್ತಾದ 222ಕ್ಕೆ ಉತ್ತರವಾಗಿ ತಂಡ 221ಕ್ಕೆ ನಿಂತ ಮೇಲೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಡೆದಿರಬೇಕಾದ ಸಂವಾದ ಹೀಗಿದೆ:

“ಏನ್ಲಾ, ಇದೂ ಹೋಯ್ತಲ್ಲೋ. ಎಂಟ್ರಲ್ಲಿ ಏಳು!”

“ಒಂದೇ ರನ್ ಕಣಣ್ಣ. ರನ್ ರೇಟ್‌ಗೆ ಏನೂ ಆಗಿಲ್ಲ. ಉಳಿದ ಆರೂ ಹೊಡೆದ್ರೆ ಒಳಗೆ.”

ಉಳಿದ ಆರನ್ನೂ ತಂಡ ಹೊಡೆಯಿತು. ಕೊನೆಯದರಲ್ಲಿ, ಮೇ 18ರಂದು, ಚೆನ್ನೈಯನ್ನು 18 ರನ್ನಿನಿಂದ ಸೋಲಿಸಬೇಕಿತ್ತು, 27ರಿಂದ ಸೋಲಿಸಿತು. ಕೊಹ್ಲಿಯ ಅಂಗಿಯ ಮೇಲಿನ 18ನ್ನೂ ಇದಕ್ಕೆ ಸೇರಿಸಿ ಹೊಸ ಜ್ಯೋತಿಷವೇ ಹುಟ್ಟಿತು. ನಾಲ್ಕೇ ದಿನದಲ್ಲಿ ರಾಜಸ್ಥಾನದ ಕೈಯಲ್ಲಿ ಸೋತು ತಂಡ ಮನೆಗೆ ಬಂತು. ಗಣಿತ ಸರಿಯಾಗಿತ್ತು, ಪ್ಲೇಆಫ್ ಸರಿಯಿರಲಿಲ್ಲ.

4. ಪೂರ್ವಪಕ್ಷ ಮತ್ತು ಖಂಡನೆ

ಒಂದು ಆಕ್ಷೇಪ: ಹತ್ತಿರದ ಹಳೇಬೀಡಿನ ದೇಗುಲಕ್ಕೆ ಶಿಖರವಿಲ್ಲದಿದ್ದರೂ ಜನ ಬರುತ್ತಾರಲ್ಲ, ಅದನ್ನು ನೋಡಿ ಬೆಳೆದವರಿಗೆ ಕಪ್ಪಿಲ್ಲದ ತಂಡ ಒಗ್ಗಿತು. ಇದು ಗೈಡುಗಳ ವಾದ, ತಳ್ಳಿಹಾಕಿದೆ. ಹಳೇಬೀಡು 2023ರಲ್ಲಿ ಶಿಖರವಿಲ್ಲದೆಯೇ ಯುನೆಸ್ಕೋ ಪಟ್ಟಿಗೆ ಸೇರಿತು. ಐಪಿಎಲ್‌ನಲ್ಲಿ ಅಂಥ ಅನುಕೂಲವಿಲ್ಲ.

ಇನ್ನೊಂದು: ಐದೈದು ಕಪ್ಪಿನ ಮುಂಬೈಗೋ ಚೆನ್ನೈಗೋ ಪಕ್ಷಾಂತರ ಮಾಡಬಾರದೇ? ಪಕ್ಷಾಂತರಕ್ಕೆ ಶಾಸಕರಿದ್ದಾರೆ.

ಮೂರನೆಯದು ಗಂಭೀರ. 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನ ನಾಯಕತ್ವದ ಮಹಿಳಾ ತಂಡ ಎರಡನೇ ಸೀಸನ್‌ನಲ್ಲೇ ಕಪ್ ತಂದಿತು. ಗಂಡಸರು ಹದಿನಾರು ಸೀಸನ್ ಏನು ಮಾಡುತ್ತಿದ್ದರು? ಇದಕ್ಕೆ ಖಂಡನೆ ಇಲ್ಲ.

5. ಸಿದ್ಧಾಂತ

ನಿಷ್ಠೆಯನ್ನು ಹಿಡಿದಿಟ್ಟದ್ದು ಆಸೆಯಲ್ಲ, ಕೆಲಸ. ಗೆದ್ದವನ ಅಭಿಮಾನಿ ಪಟಾಕಿ ಹೊಡೆದು ಮಲಗುತ್ತಾನೆ. ಸೋತವನ ಅಭಿಮಾನಿಗೆ ಹರಾಜಿನ ತಪ್ಪು, ಟಾಸಿನ ತಪ್ಪು, ಡೆತ್ ಓವರಿನ ತಪ್ಪು ಎಲ್ಲವನ್ನೂ ಬೆಳಗಿನೊಳಗೆ ವಿಚಾರಣೆ ಮಾಡಿ ತೀರ್ಪು ಕೊಡಬೇಕಾಗಿರುತ್ತದೆ. ಹೀಗಿರುವಾಗ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ತಂಡ ಸರಿಯಾಗಿ 6 ರನ್ನಿನಿಂದ ಸೋಲಿಸಿತು. 2009ರ ಬಾಕಿ ಬಡ್ಡಿಯಿಲ್ಲದೆ ಚುಕ್ತಾ ಆಯಿತು, ಒಂದೇ ರಾತ್ರಿಯಲ್ಲಿ ಇಷ್ಟೊಂದು ಜನ ನಿರುದ್ಯೋಗಿಗಳೂ ಆದರು.

6. ಶಿಫಾರಸು

ಕಪ್ ಬಂದ ಮೇಲೆ ‘ನಾನು ಮೊದಲಿನಿಂದಲೂ ಆರ್‌ಸಿಬಿ’ ಎನ್ನುವವರು ಎಲ್ಲೆಲ್ಲೂ ಎದ್ದಿದ್ದಾರೆ. ಹಳಬರಿಗೆ ಕೆಲಸವಾಗುವಂತೆ ಇವರಿಗೊಂದು ಮೌಖಿಕ ಪರೀಕ್ಷೆ ನಡೆಸುವುದು ಲೇಸು. ಒಂದೇ ಪ್ರಶ್ನೆ: 2008ರ ಏಪ್ರಿಲ್ 18ರಂದು, ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲಿ, ನಮ್ಮವರು 82ಕ್ಕೆ ಆಲೌಟಾದಾಗ ಅತಿ ಹೆಚ್ಚು ರನ್ ಯಾರದು?

ದ್ರಾವಿಡ್, ಕಾಲಿಸ್, ಕೊಹ್ಲಿ ಎಂದವರು ಫೇಲು. ಫೋನು ತೆಗೆದವರು ಡಿಬಾರು. ‘ಎಕ್ಸ್‌ಟ್ರಾದ್ದು ಸಾರ್, ಹತ್ತೊಂಬತ್ತು’ ಎಂದು ನಗದೆ ಹೇಳಿದವನಿಗೆ ಪದವಿ ಕೊಡತಕ್ಕದ್ದು.