50 ಹರ್ಟ್ಸಿನ ಗುಂಯ್‌ಕಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗುಂಯ್‌ಕಾರರೇ,

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು, ರಾತ್ರಿ ಕೂತು ಒಂದೊಂದೇ ಬೆಸುಗೆ ಹಾಕಿ ತಮ್ಮ ಗಿಟಾರಿಗೆ ತಾವೇ ಪೆಡಲ್ ಕಟ್ಟಿಕೊಳ್ಳುವವರ ಪರವಾಗಿ ಬರೆಯುತ್ತಿದ್ದೇನೆ. ಎಲ್ಲ ಮುಗಿದು, ಆಂಪ್‌ಗೆ ಸಿಕ್ಕಿಸಿ, ಕಾಲಿನಿಂದ ಸ್ವಿಚ್ ಒತ್ತಿದ ಕೂಡಲೇ ಗಿಟಾರಿಗಿಂತ ಮೊದಲು ಬಾಯಿ ತೆರೆಯುವವರು ನೀವು. ಅದನ್ನು ಕೇಳಿ ಎಷ್ಟೋ ಹುಡುಗ ಹುಡುಗಿಯರು ತಮ್ಮ ಕೈಯೇ ಸರಿಯಿಲ್ಲವೆಂದು ನಂಬಿ, ಪೆಡಲನ್ನು ಡ್ರಾಯರಿಗೆ ತಳ್ಳಿ, ಬೆಸುಗೆ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ನನ್ನ ತಕರಾರು ಇದೇ. ನೀವು ಎಲ್ಲಿಂದ ಬಂದಿರೆಂದು ಕೇಳಿಸಿಕೊಳ್ಳುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕೆಟ್ಟ ಸದ್ದೆಲ್ಲ ಕಸ ಎಂದು ನಾನು ಹೇಳುವವನಲ್ಲ. 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನ್ಯಾಶ್‌ವಿಲ್‌ನಲ್ಲಿ ನಡೆದಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗೊರಗೊರ ಎಂದಿತು. ಅದನ್ನು ಅಳಿಸದೆ ಉಳಿಸಿಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಗೊರಗೊರವನ್ನು ಟ್ರಾನ್ಸಿಸ್ಟರುಗಳಲ್ಲಿ ಮತ್ತೆ ಹುಟ್ಟಿಸಿದರು; 1962ರಲ್ಲಿ ಅದೇ ಮೇಸ್ಟ್ರೋ ಫಜ್-ಟೋನ್ ಪೆಡಲ್ ಆಗಿ ಅಂಗಡಿಗೆ ಬಂತು. ಇಂದಿನ ಫಜ್ ಪೆಡಲುಗಳ ವಂಶವೆಲ್ಲ ಒಂದು ರಿಪೇರಿ ಕೇಸಿನಿಂದ ಶುರುವಾದದ್ದು. ಆದರೆ ಆ ಗೊರಗೊರ ಬೆರಳಿನ ಮಾತು ಕೇಳುತ್ತಿತ್ತು. ತಂತಿ ಮೀಟಿದರೆ ಏಳುತ್ತಿತ್ತು, ತಂತಿ ನಿಂತರೆ ನಿಲ್ಲುತ್ತಿತ್ತು. ನೀವು ಹಾಗಲ್ಲ. ಯಾರೂ ನುಡಿಸದಿದ್ದರೂ ಇರುತ್ತೀರಿ. ಅದಕ್ಕೇ ನಿಮ್ಮನ್ನು ಹುಡುಕಬೇಕಾಗಿದೆ.

ಮೊದಲು ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಬೇಕು. ನೀವು ಅಲ್ಲಿಗೇ ಅಡಗಿದರೆ ಪೆಡಲ್ ಮೇಲೆ ಹೊರಿಸಿದ ಅಪವಾದ ಸುಳ್ಳು. ಗಿಟಾರಿನ ಒಂಟಿ ಸುರುಳಿಯ ಪಿಕಪ್ಪೇ ಗೋಡೆಯೊಳಗಿನ ವಿದ್ಯುತ್ತಿನ ಕಾಂತಕ್ಷೇತ್ರವನ್ನು ಹೀರುತ್ತಿದೆ, ಪೆಡಲ್ ಅದನ್ನು ದೊಡ್ಡದು ಮಾಡುತ್ತಿದೆ, ಅಷ್ಟೇ. ನುಡಿಸುವವರು ಕುರ್ಚಿಯಲ್ಲೇ ಸ್ವಲ್ಪ ತಿರುಗಿ ಕೂತರೆ ಸದ್ದು ಏರಿಳಿಯುವುದು ಇದಕ್ಕೆ ಸಾಕ್ಷಿ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಪಿಕಪ್ ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು, ಒಂದನ್ನು ಉಲ್ಟಾ ಜೋಡಿಸಿ, ನಿಮ್ಮನ್ನು ನಿಮ್ಮಿಂದಲೇ ಕಳೆಯುತ್ತದೆ. ಒಂಟಿ ಸುರುಳಿಯ ನಾದವೇ ಬೇಕೆನ್ನುವವರು ನಿಮ್ಮೊಡನೆ ಒಂದಿಷ್ಟು ಬಾಳಲೇಬೇಕು.

ವಾಲ್ಯೂಮ್ ಇಳಿಸಿದರೂ ನೀವು ಹೋಗಲಿಲ್ಲವೆಂದರೆ ಅಡಾಪ್ಟರ್ ಕಿತ್ತು 9 ವೋಲ್ಟಿನ ಬ್ಯಾಟರಿ ಹಾಕಬೇಕು. ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ನನಗೆ ಗೊತ್ತಿಲ್ಲ. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರಿನಲ್ಲಿ ಅದು ಏಕಮುಖ ವಿದ್ಯುತ್ತಾಗಿ ಬದಲಾದಾಗ ಉಳಿಯುವ ಅಲುಗಾಟ ಸೆಕೆಂಡಿಗೆ 100. ಕಿವಿ ಪಳಗಿದವರಿಗೆ ಎರಡರ ವ್ಯತ್ಯಾಸ ತಿಳಿಯುತ್ತದೆ: 50 ಮೆತ್ತಗೆ ತಳದಲ್ಲಿ ಗುಂಯ್ ಎನ್ನುತ್ತದೆ, 100 ಒರಟಾಗಿ ಕಿವಿಯನ್ನು ಉಜ್ಜುತ್ತದೆ. ಬ್ಯಾಟರಿಯಲ್ಲಿ ಎಲ್ಲ ಶಾಂತವಾದರೆ ವಿದ್ಯುತ್ ಒಳಬರುವ ದಾರಿಯಲ್ಲಿ 100 ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಆ ಅಲುಗಾಟ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೆಲವೇ ರೂಪಾಯಿಯ ಕೆಲಸ. ಗುಂಡಿ ತಿರುಗಿಸುವ ಕೆಲವು ಫ್ಯಾನ್ ರೆಗ್ಯುಲೇಟರುಗಳು, ಡಿಮ್ಮರುಗಳು ಕರೆಂಟಿನ ಅಲೆಯನ್ನು ನಡುವೆಯೇ ಕತ್ತರಿಸುತ್ತವೆ. ಅವು ಇರುವ ಕೋಣೆಯಲ್ಲಿ ಬ್ಯಾಟರಿಯಲ್ಲೂ ಝರ್ರೆನ್ನುವುದುಂಟು. ಫ್ಯಾನ್ ಆರಿಸಿ ನೋಡುವುದಕ್ಕೆ ಖರ್ಚೇ ಇಲ್ಲ.

ಇನ್ನು ಡಬ್ಬಿಯ ವಿಷಯ, ಇಲ್ಲಿ ನಾನು ಹಟ ಮಾಡುತ್ತೇನೆ. ಫಜ್ ಅಥವಾ ಡಿಸ್ಟಾರ್ಷನ್ ಪೆಡಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಗುಂಯ್ ಎನ್ನುತ್ತದೆಂದು ಗೋಳಾಡುವುದರಲ್ಲಿ ಅರ್ಥವಿಲ್ಲ. ಡಿಸ್ಟಾರ್ಷನ್ ಪೆಡಲುಗಳಲ್ಲಿ ಸಾಮಾನ್ಯವಾಗಿ ಇನ್‌ಪುಟ್ಟಿನ ತಡೆ ಲಕ್ಷಾಂತರ ಓಮ್; ಅಲ್ಲಿಗೆ ಹೋಗುವ ಪ್ರತಿ ಬರಿ ತಂತಿಯೂ ಆಂಟೆನಾ. ಅಲ್ಯೂಮಿನಿಯಂ ಡಬ್ಬಿ ಬೇಕು, ಅದು ಗ್ರೌಂಡಿಗೆ ಸೇರಿರಬೇಕು, ಇನ್‌ಪುಟ್ ತಂತಿ ಗಿಡ್ಡವಾಗಿರಬೇಕು, ಸಾಧ್ಯವಾದರೆ ಶೀಲ್ಡ್ ವೈರ್ ಆಗಿರಬೇಕು. ಬೋರ್ಡಿನ ಹತ್ತಿರ ಕೈ ಒಯ್ದರೆ ಸದ್ದು ಬದಲಾಗುತ್ತದೆಯೇ? ಹಾಗಿದ್ದರೆ ಬೇರೆ ಯಾವ ಭಾಗವನ್ನೂ ಮುಟ್ಟದೆ ಮೊದಲು ಇದನ್ನೇ ಸರಿಮಾಡಬೇಕು. ಗುಂಯ್ ಹೋಗಿ ಆಕಾಶವಾಣಿ ಬಂತೆಂದರೂ ಕಂಗೆಡಬೇಕಿಲ್ಲ. ಮೊದಲ ಟ್ರಾನ್ಸಿಸ್ಟರಿನ ಜಂಕ್ಷನ್ ಹಳೆಯ ಕ್ರಿಸ್ಟಲ್ ರೇಡಿಯೊದ ಕೆಲಸವನ್ನೇ ಮಾಡಿ ಮೀಡಿಯಂ ವೇವ್ ಕಾರ್ಯಕ್ರಮವನ್ನು ಬಿಡಿಸಿ ಕೇಳಿಸುತ್ತಿರುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅನ್ನು ತಡೆಯಲು ಇನ್‌ಪುಟ್ಟಿನಲ್ಲಿ ಒಂದು ಸಣ್ಣ ರೆಸಿಸ್ಟರ್, ಗ್ರೌಂಡಿಗೆ ಕೆಲವು ನೂರು ಪಿಕೋಫ್ಯಾರಡ್ ಸಾಕು. ಗಿಟಾರಿನ ನಾದಕ್ಕೆ ಅದರಿಂದ ಧಕ್ಕೆಯಿಲ್ಲ.

ನಿಮ್ಮ ಬಳಗದ ಉಳಿದವರಿಗೂ ಒಂದೊಂದು ಗುರುತಿದೆ. ಗೇನ್ ಏರಿಸಿದಾಗ ಕೀರಲು ಬಂದರೆ ಔಟ್‌ಪುಟ್ ತಂತಿ ಇನ್‌ಪುಟ್ ತಂತಿಯ ಪಕ್ಕದಲ್ಲೇ ಮಲಗಿರುತ್ತದೆ; ಬೇರೆ ಮಾಡಬೇಕು. ಚಟಚಟ ಎಂದರೆ ಸರಿಯಾಗಿ ಕೂರದ ಬೆಸುಗೆ. ಪೆಡಲ್ ಬ್ಯಾಟರಿಯಲ್ಲಿ ಓಡುತ್ತಿರುವಾಗ ಅಗರಬತ್ತಿಯ ಒಣ ಬಿದಿರಕಡ್ಡಿಯಿಂದ ಒಂದೊಂದು ಕೀಲನ್ನೂ ಮೆಲ್ಲಗೆ ಅಲುಗಿಸಿದರೆ ಎಲ್ಲಿದೆಯೆಂದು ಅದೇ ಹೇಳುತ್ತದೆ. ಇಷ್ಟಕ್ಕೂ ಸಿಗದಿದ್ದರೆ ಒಂದು ತಂತಿಯ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದು, ಇನ್ನೊಂದು ತುದಿಯನ್ನು ಆಂಪ್‌ಗೆ ಕೊಟ್ಟು, ಇನ್‌ಪುಟ್ಟಿನಿಂದ ಔಟ್‌ಪುಟ್ಟಿನವರೆಗೆ ಹಂತಹಂತವಾಗಿ ಮುಟ್ಟಿ ಕೇಳುತ್ತ ಹೋಗಬೇಕು. ಹಿಂದಿನ ಹಂತದಲ್ಲಿ ಇಲ್ಲದ ಸದ್ದು ಮುಂದಿನದರಲ್ಲಿ ಇದ್ದರೆ ತಪ್ಪು ಆ ಎರಡರ ನಡುವೆ. ಇಷ್ಟು ಮಾಡದೆ, ಸದ್ದು ತಗ್ಗಿದಾಗ ದಾರಿ ಮುಚ್ಚುವ ನಾಯ್ಸ್ ಗೇಟ್ ಕೊಂಡು ತರುವುದು ಸೋರುವ ಮನೆಗೆ ಸುಣ್ಣ ಹೊಡೆದ ಹಾಗೆ. ಗೇಟ್ ಮುಚ್ಚಿದಾಗ ನೀವು ಕೇಳಿಸುವುದಿಲ್ಲ, ನಿಜ. ನುಡಿಸಲು ಶುರುಮಾಡಿದ ಗಳಿಗೆಯಲ್ಲಿ ಸ್ವರದ ಜೊತೆಗೇ ಬಂದುಬಿಡುತ್ತೀರಿ. ಮೆಲ್ಲಗೆ ಆರಿಹೋಗುವ ಸ್ವರದ ಬಾಲವನ್ನೂ ಅದು ಕತ್ತರಿಸುತ್ತದೆ.

ಸುಯ್ ಎನ್ನುವವರನ್ನು ಮಾತ್ರ ಪೂರ್ತಿ ಹೊರಗಟ್ಟಲಾಗದು. ರೆಸಿಸ್ಟರಿನೊಳಗೆ ಶಾಖಕ್ಕೆ ಅಲೆದಾಡುವ ಎಲೆಕ್ಟ್ರಾನುಗಳ ಸದ್ದು ಅದು. ಬೆಲ್ ಲ್ಯಾಬ್ಸ್‌ನ ಜಾನ್ಸನ್ ಅಳೆದರು, ನೈಕ್ವಿಸ್ಟ್ 1928ರಲ್ಲಿ ಲೆಕ್ಕ ಬಿಡಿಸಿದರು. ಸಿಗ್ನಲ್ ಹಾದಿಯಲ್ಲಿ ದೊಡ್ಡ ಬೆಲೆಯ ರೆಸಿಸ್ಟರುಗಳನ್ನು ಬೇಡದ ಕಡೆ ಹಾಕದಿದ್ದರೆ ಅದು ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ.

ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೆಯೇ ಇದೆ. ನಿಮ್ಮನ್ನು ಓಡಿಸುವ ಆತುರದಲ್ಲಿ ಕೆಲವರು ಆಂಪ್ ಪ್ಲಗ್ಗಿನ ಮೂರನೇ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಕತ್ತರಿಸುತ್ತಾರೆ. ಗುಂಯ್ ಕೆಲವೊಮ್ಮೆ ನಿಲ್ಲುವುದೂ ನಿಜ, ಅದಕ್ಕೇ ಈ ಚಾಳಿ ಹಬ್ಬಿದೆ. ಆದರೆ ಆ ಮೇಲೆ ಆಂಪ್‌ನಲ್ಲಿ ಒಂದು ತಂತಿ ಕಳಚಿ ಲೋಹಕ್ಕೆ ತಾಗಿದರೆ 230 ವೋಲ್ಟ್ ನೇರ ಗಿಟಾರಿನ ತಂತಿಗೆ ಬರುತ್ತದೆ, ಅಲ್ಲಿಂದ ನುಡಿಸುವವರ ಬೆರಳಿಗೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ ವೇದಿಕೆಯಲ್ಲೇ ವಿದ್ಯುತ್ ತಾಗಿ ತೀರಿಕೊಂಡರು. ಎರಡು ಉಪಕರಣಗಳ ಗ್ರೌಂಡ್ ಸುತ್ತುಹಾಕಿ ಗುಂಯ್ ಬರುತ್ತಿದ್ದರೆ ಎರಡಕ್ಕೂ ಒಂದೇ ಪ್ಲಗ್ ಬೋರ್ಡಿನಿಂದ ಕರೆಂಟು ಕೊಡಬಹುದು, ಆಡಿಯೊ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅರ್ಥ್ ಪಿನ್ ತೆಗೆಯುವುದೊಂದೇ ದಾರಿ ಉಳಿದಿದೆ ಎಂದು ಯಾರಿಗಾದರೂ ಅನ್ನಿಸಿದರೆ, ದಯವಿಟ್ಟು ನೀವು ಅಲ್ಲೇ ಇರಿ. ಜೋರಾಗಿಯೇ ಇರಿ.

ಇಂತಿ,
ಪೆಡಲ್ ಕಟ್ಟುವವನೊಬ್ಬ